ಸಿ ಅಕ್ಷರಕ್ಕೆ ನಿಂತುಹೋದ ಇಂಗ್ಲಿಷ್

ನನಗೆ ಬರುವ ದೊಡ್ಡ ದೊಡ್ಡ ಇಂಗ್ಲಿಷ್ ಪದಗಳೆಲ್ಲ ಎ, ಬಿ, ಸಿ ಅಕ್ಷರಗಳಿಂದಲೇ ಶುರುವಾಗುತ್ತವೆ. ತಮಾಷೆಗೆ ಹೇಳುತ್ತಿಲ್ಲ. ಅಬೇಟ್, ಅಬೆಟ್, ಅಬೇಯನ್ಸ್, ಬೆಲಿಜರೆಂಟ್, ಕಜೋಲ್, ಸರ್ಕಮ್‌ಸ್ಪೆಕ್ಟ್ ಇವನ್ನೆಲ್ಲ ನಡುರಾತ್ರಿ ಎಬ್ಬಿಸಿ ಕೇಳಿದರೂ ಅರ್ಥ ಒದರಿಬಿಡುತ್ತೇನೆ. ಸಿ ದಾಟಿದರೆ ಮಾತ್ರ ಕತ್ತಲೆ.

ಇದಕ್ಕೆ ಕಾರಣ 2009ರ ಬೇಸಿಗೆ. ಎಂಜಿನಿಯರಿಂಗ್ ಮುಗಿಯುತ್ತ ಬಂದಿತ್ತು. ಬನಶಂಕರಿಯ ಒಂದು ಬಾಡಿಗೆ ಕೋಣೆಯಲ್ಲಿ ನಾವು ಮೂವರು. ಮೂವರೂ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಮೂವರೂ ಐದನೇ ಕ್ಲಾಸಿಗೆ ಬಂದಮೇಲೆ ಎಬಿಸಿಡಿ ತಿದ್ದಿದವರು. ಅಂಥವರಿಗೆ ಅಮೆರಿಕಕ್ಕೆ ಹೋಗಿ ಎಂ.ಎಸ್. ಮಾಡುವ ಹುಚ್ಚು ಹಿಡಿದಿತ್ತು. ಅದಕ್ಕೆ ಜಿಆರ್‌ಇ ಬರೆಯಬೇಕು. ಅವೆನ್ಯೂ ರಸ್ತೆಯಲ್ಲಿ ಯಾರೋ ಬಳಸಿ ಮಾರಿದ ದಪ್ಪ ಪುಸ್ತಕ ತಂದೆವು. ಅದರೊಳಗೆ 3,500 ಪದಗಳ ಪಟ್ಟಿ. ಮೊದಲ ಪುಟ ನೋಡಿದಾಗಲೇ ಗೊತ್ತಾಯಿತು, ನಾವು ಇಷ್ಟು ದಿನ ಇಂಗ್ಲಿಷ್ ಅಂದುಕೊಂಡಿದ್ದು ಬರೀ ಹೊಸ್ತಿಲು, ಮನೆ ಒಳಗಿದೆ.

ಹಂಚಿಕೊಂಡು ಓದೋಣ ಅಂತ ತೀರ್ಮಾನವಾಯಿತು. ಆಸ್ತಿ ಭಾಗ ಮಾಡಿದ ಹಾಗೆ. ನನ್ನ ಪಾಲಿಗೆ ಎ, ಬಿ, ಸಿ. ದಾವಣಗೆರೆಯವನಿಗೆ ಎಚ್‌ನಿಂದ ಪಿವರೆಗೆ. ಮಿಕ್ಕ ಚೂರುಪಾರೆಲ್ಲ ಮೂರನೆಯವನಿಗೆ. ಒಬ್ಬೊಬ್ಬರೂ ತಮ್ಮ ಪಾಲಿನದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಬಾಯಿಪಾಠ ಮಾಡಿ, ಆಮೇಲೆ ನೋಟ್‌ಬುಕ್ ಅದಲುಬದಲು ಮಾಡಿಕೊಳ್ಳುವುದು. ಆ ಅದಲುಬದಲು ನಡೆಯಲೇ ಇಲ್ಲ. ಪರೀಕ್ಷೆಯ ದಿನ ಮೊದಲು ಬಂತು.

ಆದರೂ ದಾವಣಗೆರೆಯವನ ಪಾಲಿನ ಕೆಲವು ಪದಗಳು ನನ್ನ ತಲೆಯಲ್ಲಿ ಈಗಲೂ ಕೂತಿವೆ. ಅವನು ಓದುತ್ತಿದ್ದದ್ದೇ ಕೂಗಿ. ಪ್ರತಿ ಪದಕ್ಕೂ ಕನ್ನಡದ್ದೊಂದು ಗೂಟ ಹುಡುಕಿ ಕಟ್ಟಿಹಾಕುತ್ತಿದ್ದ. ಪೆನ್ಯೂರಿ ಅಂದರೆ ಕಡುಬಡತನ, ಯಾಕೆಂದರೆ 'ಜೇಬಲ್ಲಿ ಪೆನ್ನೂ ಇಲ್ಲ ಕಣೋ'. ಮೊರೋಸ್ ಅಂದರೆ ಮೋರೆ ಇಳಿಬಿಟ್ಟುಕೊಂಡವನು. ಮಿಟಿಗೇಟ್ ಅಂದರೆ ತೀವ್ರತೆಗೆ ಒಂದು ಮಿತಿ ಹಾಕುವುದು. ಹರ‍್ಯಾಂಗ್ ಅಂದರೆ ಕೇಳುವವರು 'ಹರಹರಾ, ಸಾಕಪ್ಪ' ಅನ್ನುವಷ್ಟು ಹೊತ್ತು ಮಾಡುವ ಭಾಷಣ. ನನ್ನ ಪಾಲಿನ ಕೋಪಿಯಸ್‌ಗೂ ಅವನೇ ಕೊಪ್ಪರಿಗೆ ಒದಗಿಸಿದ. ಕೊಪ್ಪರಿಗೆ ತುಂಬ, ಬೇಕಾದಷ್ಟು. ಕಜೋಲ್ ಅಂದರೆ ಸಿಹಿಮಾತಿನಲ್ಲಿ ಪುಸಲಾಯಿಸುವುದು. ಅದಕ್ಕೆ ಮಾತ್ರ ಯಾರ ಸಹಾಯವೂ ಬೇಕಾಗಲಿಲ್ಲ, ನಮ್ಮ ವಯಸ್ಸಿನವರಿಗೆ ಹಿಂದಿ ಸಿನಿಮಾದ ನಾಯಕಿಯೇ ಸಾಕಿತ್ತು.

ಇವೆಲ್ಲ ಸುಳ್ಳು ನಂಟಸ್ತಿಕೆ. ಮೊರೋಸ್‌ಗೂ ಮೋರೆಗೂ ರಕ್ತಸಂಬಂಧವಿಲ್ಲ. ಆದರೆ ಹದಿನೈದು ವರ್ಷವಾದರೂ ಗೂಟ ಕಿತ್ತುಬಂದಿಲ್ಲ ನೋಡಿ. ನಾನು ಶಿಸ್ತಾಗಿ, ಅಂದವಾದ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದುಕೊಂಡ ನೂರಾರು ಪದಗಳು ಉದುರಿಹೋದವು.

ಪರೀಕ್ಷೆಯಲ್ಲಿ ಆಗ ವಿರುದ್ಧಾರ್ಥದ ಪ್ರಶ್ನೆಗಳಿದ್ದವು. ಕಂಪ್ಯೂಟರ್ ಪರದೆಯ ಮೇಲೆ ಒಂದೇ ಒಂದು ಪದ, ಕೆಳಗೆ ಐದು ಆಯ್ಕೆ. ವಾಕ್ಯವಿಲ್ಲ, ಹಿಂದೆ ಮುಂದೆ ಏನೂ ಇಲ್ಲ. ದಾರಿಯಲ್ಲಿ ಒಬ್ಬಂಟಿ ಚಪ್ಪಲಿ ತೋರಿಸಿ ಇದು ಯಾರದು ಹೇಳು ಅಂದ ಹಾಗೆ. ಗಣಿತದಲ್ಲಿ 800ಕ್ಕೆ 780 ಬಂತು, ಇಂಗ್ಲಿಷಿನಲ್ಲಿ 410. ಅಮೆರಿಕ ಅಲ್ಲಿಗೆ ಮುಗಿಯಿತು. 2011ರ ಆಗಸ್ಟಿನಲ್ಲಿ ಆ ಪರೀಕ್ಷೆಯನ್ನು ಹೊಸದಾಗಿ ರೂಪಿಸಿದಾಗ ವಿರುದ್ಧಾರ್ಥದ ಪ್ರಶ್ನೆಗಳನ್ನು ಕಿತ್ತೇ ಹಾಕಿದರು, ಪದವನ್ನು ವಾಕ್ಯದೊಳಗಿಟ್ಟು ಕೇಳತೊಡಗಿದರು. ಸುದ್ದಿ ಓದಿ ನನಗೆ ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು.

ಪಟ್ಟಿಯದ್ದು ಇನ್ನೊಂದು ಕಷ್ಟವಿತ್ತು, ಅದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ನಮ್ಮಲ್ಲಿ ಹಿಂದೆ ಅಮರಕೋಶ ಬಾಯಿಪಾಠ ಮಾಡಿಸುತ್ತಿದ್ದರಲ್ಲ, ಅದೂ ಪದಪಟ್ಟಿಯೇ. ಆದರೆ ಅಲ್ಲಿ ಸ್ವರ್ಗಕ್ಕೆ ಸೇರಿದ್ದು ಒಂದು ಕಡೆ, ನೀರಿಗೆ ಸೇರಿದ್ದು ಒಂದು ಕಡೆ, ಗಿಡಮೂಲಿಕೆಗಳು ಇನ್ನೊಂದು ಕಡೆ. ಮೇಲಾಗಿ ಶ್ಲೋಕ, ಒಂದು ಪದ ಮರೆತರೆ ಛಂದಸ್ಸೇ ಕುಂಟಿ ಎಚ್ಚರಿಸುತ್ತದೆ. ನಮ್ಮ ಜಿಆರ್‌ಇ ಪಟ್ಟಿಯಲ್ಲಿ ಅಬೇಟ್, ಅಬೆಟ್, ಅಬೇಯನ್ಸ್ ಒಂದರ ಪಕ್ಕ ಒಂದು. ಒಂದು ಕಡಿಮೆಯಾಗುವುದು, ಇನ್ನೊಂದು ಕೆಟ್ಟ ಕೆಲಸಕ್ಕೆ ಕುಮ್ಮಕ್ಕು ಕೊಡುವುದು, ಮತ್ತೊಂದು ತಡೆಹಿಡಿಯುವುದು. ಅರ್ಥದಲ್ಲಿ ಏನೇನೂ ಸಂಬಂಧವಿಲ್ಲದ ಈ ಮೂರನ್ನು ಬರೀ ಕಾಗುಣಿತದ ನೆಪಕ್ಕೆ ಒಂದೇ ಬೆಂಚಿನಲ್ಲಿ ಕೂರಿಸಿದರೆ ಯಾರ ಹೆಸರು ಯಾರಿಗೆ ಅಂತ ಗೊತ್ತಾಗುವುದು ಹೇಗೆ? ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ ಜರ್ಮನಿಯ ಎಬಿಂಗ್‌ಹೌಸ್‌ಗೆ ನಮ್ಮ ಕೋಣೆ ಒಳ್ಳೆಯ ಪ್ರಯೋಗಾಲಯವಾಗುತ್ತಿತ್ತು.

ಕೆಲಸ ಸಿಕ್ಕಿತು, ಪಟ್ಟಿ ಅಟ್ಟ ಸೇರಿತು. ಆದರೆ ಸೋತ ಪರೀಕ್ಷೆ ಸುಮ್ಮನೆ ಬಿಡುವುದಿಲ್ಲ. ಪತ್ರಿಕೆ ಓದುವಾಗ, ಆಫೀಸಿನ ಮೇಲ್ ಓದುವಾಗ, ಗೊತ್ತಿಲ್ಲದ ಪದ ಎದುರಾದರೆ ಅದರ ಹುಟ್ಟೂರು ಹುಡುಕುವ ಚಟ ಅಂಟಿತು. ಆಗ ಒಂದು ವಿಷಯ ತಿಳಿದು ನಕ್ಕುಬಿಟ್ಟೆ. ಇಂಗ್ಲಿಷಿಗೆಂದೇ ಇಂಗ್ಲಿಷಿನಲ್ಲೇ ಬಂದ ಮೊಟ್ಟಮೊದಲ ನಿಘಂಟು 1604ರದ್ದು, ರಾಬರ್ಟ್ ಕಾಡ್ರಿ ಎಂಬ ಶಾಲಾಮೇಷ್ಟ್ರು ಮಾಡಿದ್ದು. ಅದರಲ್ಲಿದ್ದದ್ದು ಸುಮಾರು 2,500 ಪದ, ಎಲ್ಲವೂ ಕಷ್ಟದ ಪದಗಳೇ. ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚಿನಿಂದ ಬಂದು ಇಂಗ್ಲಿಷರಿಗೇ ಅರ್ಥವಾಗದೆ ಕೂತಿದ್ದ ಪದಗಳು. ಎ ಅಕ್ಷರದ ಪದ ಬೇಕಿದ್ದರೆ ಪುಸ್ತಕದ ಮೊದಲಿಗೆ ನೋಡಿ, ವಿ ಬೇಕಿದ್ದರೆ ಕೊನೆಯ ಕಡೆಗೆ ನೋಡಿ ಎಂದು ಪಾಪ, ಓದುಗರಿಗೆ ಕೈಹಿಡಿದು ಹೇಳಿಕೊಟ್ಟಿದ್ದಾನೆ. ಅಂದರೆ ನಾವು ಬನಶಂಕರಿಯಲ್ಲಿ ಪಟ್ಟ ಪಾಡನ್ನು ಇಂಗ್ಲೆಂಡಿನ ಜನ 400 ವರ್ಷ ಮೊದಲೇ ಪಟ್ಟಿದ್ದರು. ಅವರಿಗೂ ಪಟ್ಟಿ ಬೇಕಾಗಿತ್ತು!

ಅಲ್ಲಿಂದ ನನಗೆ ಇಂಗ್ಲಿಷಿನ ಕಷ್ಟಪದಗಳ ಮೇಲಿನ ಭಯ ಹೋಯಿತು ಅಂತಲೇ ಹೇಳಬೇಕು. ಅವು ಇಂಗ್ಲಿಷಿನ ಸಂಸ್ಕೃತ, ಅಷ್ಟೇ. ನಮ್ಮಲ್ಲಿ ಮನೆ ಇದೆ, ಗೃಹವೂ ಇದೆ. ವಾಸಕ್ಕೆ ಮನೆ, ಕಚೇರಿಗೆ 'ಗೃಹ ಇಲಾಖೆ'. ಹಲ್ಲು ನೋಯುತ್ತದೆ, ಆದರೆ ತೋರಿಸುವುದು ದಂತವೈದ್ಯರಿಗೆ. ಬೀದಿಯಲ್ಲಿದ್ದರೆ ನಾಯಿ, ಪೊಲೀಸರ ಜೊತೆ ಬಂದರೆ ಶ್ವಾನ. ಇಂಗ್ಲಿಷಿನವರೂ ಹೀಗೆಯೇ, ಹಲ್ಲು ನೋವಾದರೆ ಟೂತು, ವೈದ್ಯನಾದರೆ ಡೆಂಟಿಸ್ಟು. ಈ ಡೆಂಟಿಸ್ಟಿನ ಡೆಂಟೂ ನಮ್ಮ ದಂತವೂ ಒಂದೇ ಬೇರಿನ ಕೊಂಬೆಗಳು. ಇದು ದಾವಣಗೆರೆಯವನ ಮೋರೆಯಂಥ ಸುಳ್ಳು ನಂಟಲ್ಲ, ಹುಟ್ಟಿನ ನಂಟು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲಿ ಹೇಳಿದ. ಕನ್ನಡ, ತೆಲುಗು, ತಮಿಳುಗಳ ಮನೆ ಬೇರೆ ಎಂಬುದನ್ನು ಮದರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್ 1816ರಲ್ಲಿ ತೋರಿಸಿಕೊಟ್ಟ. ಹಾಗಾಗಿ ಹಲ್ಲಿಗೂ ಡೆಂಟಿಗೂ ನೆಂಟಸ್ತಿಕೆ ಇಲ್ಲ, ನಾವು ತಂದಿಟ್ಟುಕೊಂಡ ದಂತಕ್ಕೆ ಮಾತ್ರ ಇದೆ. ಅಗ್ನಿ ಗೊತ್ತಿದ್ದವರಿಗೆ ಇಗ್ನೈಟ್ ಗೊತ್ತಿರಬೇಕು. ತನು ಎಂದರೆ ಸಂಸ್ಕೃತದಲ್ಲಿ ತೆಳ್ಳಗಿನದು ಎಂದೂ ಅರ್ಥವಿದೆ, ಟೆನ್ಯುಅಸ್ ಅದರ ಸೋದರಸಂಬಂಧಿ.

ನನಗೆ ಬಹಳ ಇಷ್ಟವಾದದ್ದು ಇಂಪೆಕ್ಯೂನಿಯಸ್. ಕೈಯಲ್ಲಿ ಕಾಸಿಲ್ಲದವನು ಎಂದರ್ಥ. ಒಳಗಿರುವುದು ಲ್ಯಾಟಿನ್ನಿನ ಪೆಕು, ಅಂದರೆ ದನಕರು. ಅದು ನಮ್ಮ ಪಶುವಿನ ಬಂಧು. ದನಕರು ಇದ್ದವನ ಹತ್ತಿರವೇ ದುಡ್ಡು ಎಂಬ ಕಾಲದ ಪದ ಇದು. ಇದನ್ನು ಓದಿದಾಗ ನಮ್ಮ ಹಟ್ಟಿ ನೆನಪಾಯಿತು. ನಮ್ಮೂರಿನಲ್ಲಿ ದನಕ್ಕೂ ಧನಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ, ಅದನ್ನೂ ಯಾರೂ ಉಚ್ಚರಿಸುವುದಿಲ್ಲ. ಎಷ್ಟು ಸಲ ಪಟ್ಟಿಯಲ್ಲಿ ಓದಿದ್ದರೂ ಇಂಪೆಕ್ಯೂನಿಯಸ್ ನನಗೆ ಹೀಗೆ ಬರುತ್ತಿರಲಿಲ್ಲ.

ಕಾಲೆರಿಕ್ ಕೂಡ ಹಾಗೆಯೇ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು. ಪಟ್ಟಿಯಲ್ಲಿ ನನ್ನ ಪಾಲಿಗೇ ಬಂದ ಪದ, ಆಗ ಬಾಯಿಪಾಠ ಮಾಡಿದ್ದೆ ಅಷ್ಟೆ. ಆಮೇಲೆ ತಿಳಿಯಿತು, ಹಳೆಯ ಗ್ರೀಕ್ ವೈದ್ಯರ ಪ್ರಕಾರ ಮೈಯಲ್ಲಿ ನಾಲ್ಕು ರಸ. ರಕ್ತ ಹೆಚ್ಚಿದವನು ಸ್ಯಾಂಗ್ವಿನ್, ಸದಾ ಉಲ್ಲಾಸಿ. ಕಫ ಹೆಚ್ಚಿದವನು ಫ್ಲೆಗ್ಮ್ಯಾಟಿಕ್, ಬೆಂಕಿ ಬಿದ್ದರೂ ಅಲ್ಲಾಡುವವನಲ್ಲ. ಕಪ್ಪು ಪಿತ್ತ ಹೆಚ್ಚಿದವನು ಮೆಲಂಕಲಿ. ಹಳದಿ ಪಿತ್ತ ಏರಿದವನು ಕಾಲೆರಿಕ್. ಅಯ್ಯೋ, ಇದನ್ನು ನಮ್ಮಪ್ಪ ದಿನಾ ಹೇಳುತ್ತಿದ್ದದ್ದೇ: 'ನಂಗೆ ಪಿತ್ತ ನೆತ್ತಿಗೇರಿಸ್ಬೇಡ.' ವಾತ ಪಿತ್ತ ಕಫ ಕೇಳಿಕೊಂಡು ಬೆಳೆದ ಹುಡುಗನಿಗೆ ಈ ನಾಲ್ಕು ಪದ ಕಲಿಸಲು ಐದು ನಿಮಿಷ ಸಾಕಿತ್ತು.

ಅಲ್ಲೂ ನಮ್ಮಲ್ಲಿದ್ದಂಥದೇ ಜಗಳ ನಡೆದಿತ್ತು ಎನ್ನುವುದು ಇನ್ನೊಂದು ಸಮಾಧಾನ. ಹದಿನಾರನೇ ಶತಮಾನದಲ್ಲಿ ಲ್ಯಾಟಿನ್ ಪದಗಳನ್ನು ಸಿಕ್ಕಾಪಟ್ಟೆ ತುರುಕುವವರನ್ನು ಆಡಿಕೊಂಡು ನಕ್ಕವರಿದ್ದರು. ಜಾನ್ ಚೀಕ್ ಎಂಬ ವಿದ್ವಾಂಸನಂತೂ ಬೈಬಲ್ ಅನುವಾದಕ್ಕೆ ಕೂತು, ಸೆಂಚುರಿಯನ್ ಬೇಡ, 'ಹಂಡ್ರೆಡರ್' ಸಾಕು ಎಂದ. ಶತಾಧಿಪತಿ ಯಾಕೆ, ನೂರಾಳು ಅನ್ನಿ ಎಂದ ಹಾಗೆ. ಅವನಿಗಿಂತ ಮುನ್ನೂರು ವರ್ಷ ಮೊದಲೇ ನಮ್ಮ ಆಂಡಯ್ಯ ಸಂಸ್ಕೃತದ ಸೋಂಕಿಲ್ಲದೆ ಇಡೀ ಕಾವ್ಯ ಬರೆದು ತೋರಿಸಿದ್ದ. ಇಬ್ಬರೂ ಗೆಲ್ಲಲಿಲ್ಲ. ಗೆದ್ದಿದ್ದರೆ ನನಗೆ 3,500 ಪದ ಓದುವುದು ತಪ್ಪುತ್ತಿತ್ತು.

ಬೇರು ಹುಡುಕುವುದರಿಂದ ಎಲ್ಲವೂ ಸರಿಹೋಗುತ್ತದೆ ಅಂತಲ್ಲ. ಪದದ ಬೇರು ಗೊತ್ತಿದ್ದೂ ಈಗ ಅದು ಯಾರ ಸಹವಾಸದಲ್ಲಿದೆ ಎಂದು ಗೊತ್ತಿರದಿದ್ದರೆ ಮಾನ ಹೋಗುತ್ತದೆ. ಇಗ್ರೀಜಿಯಸ್ ಅಂದರೆ ಮೂಲದಲ್ಲಿ ಹಿಂಡಿನಿಂದ ಎದ್ದು ಕಾಣುವವನು, ಒಂದು ಕಾಲಕ್ಕೆ ಹೊಗಳಿಕೆ. ಇವತ್ತು ಯಾರಿಗಾದರೂ ನಿಮ್ಮ ಕೆಲಸ ಇಗ್ರೀಜಿಯಸ್ ಅಂದರೆ, ಇಷ್ಟು ಕೆಟ್ಟದ್ದು ನೋಡಿಲ್ಲ ಎಂದ ಹಾಗೆ. ಇದು ಗೊತ್ತಿತ್ತು, ತಪ್ಪಿಸಿಕೊಂಡೆ. ಸಿಕ್ಕಿಬಿದ್ದದ್ದು ಫುಲ್ಸಮ್‌ನಲ್ಲಿ. ಮ್ಯಾನೇಜರ್ ಒಬ್ಬರು ಎಲ್ಲರೆದುರು ನನ್ನನ್ನು ಹೊಗಳಿದ್ದರು. ಕೃತಜ್ಞತೆಯ ಮೇಲ್‌ನಲ್ಲಿ ನಿಮ್ಮ ಫುಲ್ಸಮ್ ಹೊಗಳಿಕೆಗೆ ಧನ್ಯವಾದ ಎಂದು ಬರೆದೆ. ಫುಲ್ ಅಂದಮೇಲೆ ತುಂಬುಹೃದಯದ್ದೇ ಇರಬೇಕು ಎಂಬ ಲೆಕ್ಕಾಚಾರ. ಅದರ ಅರ್ಥ ಅತಿಯಾದ, ಮುಖಸ್ತುತಿಯ ವಾಸನೆ ಹೊಡೆಯುವ ಹೊಗಳಿಕೆ ಎಂದು. ಅವರು ನಕ್ಕು ಸುಮ್ಮನಾದರು, ನಾನು ವಾರ ಕಾಲ ಅವರ ಟೇಬಲ್ ಬಳಸಿ ಓಡಾಡಿದೆ. ಎಫ್ ನನ್ನ ಪಾಲಿಗೆ ಬಂದಿರಲಿಲ್ಲ, ಅದಕ್ಕೇ ಹೀಗಾಯಿತು.

ಕಣ್ಣಿನಿಂದ ಕಲಿತ ಪದಗಳ ಇನ್ನೊಂದು ಅವಮಾನ ಉಚ್ಚಾರಣೆ. ಎಪಿಟೋಮ್, ಹೈಪರ್‌ಬೋಲ್ ಅಂತ ಎಷ್ಟು ಧೈರ್ಯವಾಗಿ ಗ್ರೂಪ್ ಡಿಸ್ಕಶನ್‌ನಲ್ಲಿ ಹೇಳಿದ್ದೆ! ಅವು ಎಪಿಟಮಿ, ಹೈಪರ್ಬಲಿ. ಬರೆದಂತೆ ಓದುವ ಭಾಷೆಯಲ್ಲಿ ಬೆಳೆದವನಿಗೆ ಇಂಗ್ಲಿಷಿನ ಕಾಗುಣಿತ ಒಂದು ನಂಬಿಕೆದ್ರೋಹ. ಇದರ ಬಗ್ಗೆ ಹೆಚ್ಚು ಹೇಳಲಾರೆ, ಗಾಯ ಇನ್ನೂ ಹಸಿ.

ಈ ಮಧ್ಯೆ ಊರಿಗೆ ಹೋದಾಗ ಅಜ್ಜಿಯ ಬಾಯಲ್ಲಿ ಕೇಳಿದ್ದು ನನ್ನ ಎಲ್ಲ ಪಾಂಡಿತ್ಯವನ್ನೂ ಗಾಳಿಗೆ ತೂರಿತು. ನಮ್ಮದು ತುರುವೇಕೆರೆ ಕಡೆಯ ಹಳ್ಳಿ. ಅಜ್ಜಿಗೆ ಸಹಿ ಹಾಕಲು ಬರುತ್ತಿರಲಿಲ್ಲ, ಹೆಬ್ಬೆಟ್ಟು. ಪಕ್ಕದ ಹೊಲದವರ ಜೊತೆ ಬದುವಿನ ವ್ಯಾಜ್ಯ ಹನ್ನೊಂದು ವರ್ಷದಿಂದ ನಡೆಯುತ್ತಿತ್ತು. ಆ ವ್ಯಾಜ್ಯ ಅವಳಿಗೆ ಒಂದು ಸಣ್ಣ ಇಂಗ್ಲಿಷ್ ನಿಘಂಟನ್ನೇ ಕೊಟ್ಟಿತ್ತು. ಅಡ್ಜರ್ನು, ಅಪೀಲು, ಸ್ಟೇ, ಸರ್ವೆ, ಮ್ಯುಟೇಷನ್ನು, ಈಸಿ. ಇಂಜಂಕ್ಷನ್‌ಗೆ ಮಾತ್ರ ಇಂಜೆಕ್ಷನ್ ಅನ್ನುತ್ತಿದ್ದಳು: 'ಅವ್ರ ಮೇಲೆ ಇಂಜೆಕ್ಷನ್ ತಂದಿವ್ನಿ, ಬದು ಮುಟ್ಟಂಗಿಲ್ಲ.' ಚುಚ್ಚಿದ್ದಂತೂ ನಿಜ.

ಮ್ಯುಟೇಷನ್ ಅಂದರೇನಜ್ಜಿ ಎಂದು ಸುಮ್ಮನೆ ಕೆಣಕಿದೆ. ನನ್ನ ಕಡೆ ನೋಡದೆ ಅಡಿಕೆ ಸುಲಿಯುತ್ತಲೇ ಹೇಳಿದಳು: 'ಸತ್ತೋರ ಹೆಸ್ರು ತೆಗ್ದು ಇರೋರ ಹೆಸ್ರು ಬರ‍್ಯೋದು.' ಈಸಿ ಅಂದರೆ? 'ಹೊಲದ ಮ್ಯಾಲೆ ಯಾರ ಸಾಲ ಕುಂತದೆ ಅಂತ ತೋರ‍್ಸೋ ಕಾಗ್ದ.' ಈಸಿ ಎಂದರೆ ಎನ್‌ಕಂಬ್ರೆನ್ಸ್ ಸರ್ಟಿಫಿಕೇಟ್. ಎನ್‌ಕಂಬರ್ ಆ ಪಟ್ಟಿಯಲ್ಲೂ ಇತ್ತು, ಇ ಅಕ್ಷರದಲ್ಲಿ, ಮೂರನೆಯವನ ಪಾಲಿನಲ್ಲಿ. ಅಡ್ಡಿಪಡಿಸು, ಹೊರೆ ಹೇರು ಎಂದೇನೋ ಬರೆದಿತ್ತು. ಕುಂತದೆ ಎಂಬ ಕ್ರಿಯಾಪದ ಯಾವ ನಿಘಂಟಿನವರಿಗೂ ಹೊಳೆದಿರಲಾರದು. ನಮ್ಮ ಸರ್ಕಾರದ ಕನ್ನಡದಲ್ಲಿ ಅದಕ್ಕೆ ಋಣಭಾರ ಎನ್ನುತ್ತಾರೆ. ಒಳ್ಳೆಯ ಪದವೇ, ಆದರೆ ಅಜ್ಜಿಗೆ ಋಣಭಾರ ಎಂದರೆ ಏನೋ ಹಿಂದಿನ ಜನ್ಮದ್ದು, ಈಸಿ ಎಂದರೆ ಸಬ್‌ರಿಜಿಸ್ಟ್ರಾರ್ ಆಫೀಸಿನದ್ದು.

ಪಾಲ್ ನೇಷನ್ ಎಂಬ ಭಾಷಾತಜ್ಞ 2006ರಲ್ಲಿ ಹಾಕಿದ ಲೆಕ್ಕವೊಂದಿದೆ. ಇಂಗ್ಲಿಷ್ ಕಾದಂಬರಿ, ಪತ್ರಿಕೆ ಯಾರ ಸಹಾಯವೂ ಇಲ್ಲದೆ ಓದಲು ಸುಮಾರು 8,000ದಿಂದ 9,000 ಪದಕುಟುಂಬಗಳು, ಅಂದರೆ ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿದ ಗುಂಪುಗಳು, ಗೊತ್ತಿರಬೇಕಂತೆ. ನಾವು ಕೆಳಗಿನ ಅಟ್ಟಣಿಗೆ ಕಟ್ಟದೆ ಮಾಳಿಗೆಯ 3,500ಕ್ಕೆ ಏಣಿ ಹಾಕಿದ್ದೆವು. ಪೆನ್ಯೂರಿ ಗೊತ್ತಿತ್ತು, ಪುಟ್ ಗೊತ್ತಿರಲಿಲ್ಲ.

ಹೌದು, ಪುಟ್. ಪ್ರೊಕ್ರಾಸ್ಟಿನೇಟ್ ಎಂದರೆ ನಾಳೆಗೆ ತಳ್ಳುವುದು, ಅದರೊಳಗಿನ ಕ್ರಾಸ್ ಲ್ಯಾಟಿನ್ನಿನ ನಾಳೆ ಎಂದೆಲ್ಲ ನಾನು ಹೇಳಬಲ್ಲೆ. ನಾನು ಹುಡುಗನಾಗಿದ್ದಾಗ ದೆವ್ವ ಬಾರದಿರಲಿ ಎಂದು ಬಾಗಿಲ ಮೇಲೆಲ್ಲ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಅದು ದೆವ್ವವನ್ನೇ ಪ್ರೊಕ್ರಾಸ್ಟಿನೇಟ್ ಮಾಡಿಸುವ ಉಪಾಯ ಎಂದು ಜೋಕೂ ಮಾಡಬಲ್ಲೆ. ನಾಡಿದ್ದಿಗೆ ತಳ್ಳುವುದಕ್ಕೂ ಪೆರೆಂಡಿನೇಟ್ ಎಂಬ ಪದವಿದೆ, ಯಾರೂ ಬಳಸುವುದಿಲ್ಲ, ನನಗೆ ಗೊತ್ತು. ಆದರೆ ಸಹೋದ್ಯೋಗಿಯೊಬ್ಬಳು ಅವನ ಮಾತಿನಿಂದ ನಾನು ಪುಟ್ ಆಫ್ ಆದೆ ಎಂದಾಗ, ಯಾವ ದಿನಕ್ಕೆ ಎಂದು ಕೇಳಹೊರಟವನು ನಾನು. ಪುಟ್ ಆಫ್ ಅಂದರೆ ಮುಂದೂಡುವುದು ಮಾತ್ರ ಅಂದುಕೊಂಡಿದ್ದೆ, ಅವಳು ಹೇಳಿದ್ದು ಮನಸ್ಸು ಮುರಿಯಿತು ಎಂದು. ಎತ್ತಿ ನಿಲ್ಲಿಸುವ ಪುಟ್ ಅಪ್ ಬೇರೆ, ಸಹಿಸಿಕೊಳ್ಳುವ ಪುಟ್ ಅಪ್ ವಿತ್ ಬೇರೆ. ಪುಟ್ ಡೌನ್ ಅಂದರೆ ಕೆಳಗಿಡುವುದೂ ಹೌದು, ಮುಖಕ್ಕೆ ಹೊಡೆದಂತೆ ಮಾತಾಡುವುದೂ ಹೌದು, ಕಾಯಿಲೆಯ ನಾಯಿಗೆ ಸೂಜಿ ಚುಚ್ಚಿ ನೋವು ಮುಗಿಸುವುದೂ ಹೌದು. ಇವು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಟೇಬಲ್ ಎಂಬ ಪದ ಒಮ್ಮೆ ನನ್ನ ಇಡೀ ರಾತ್ರಿ ನುಂಗಿತು. ನಮ್ಮ ವಿಧಾನಸಭೆಯಲ್ಲಿ ಮಸೂದೆ ಟೇಬಲ್ ಮಾಡಿದರು ಎಂದರೆ ಮಂಡಿಸಿದರು ಎಂದು. ಅದು ಬ್ರಿಟಿಷರ ಇಂಗ್ಲಿಷ್. ಅಮೆರಿಕದ ತಂಡದವರು ಎರಡನೇ ವಿಷಯ ಟೇಬಲ್ ಮಾಡೋಣ ಎಂದು ಮೇಲ್ ಹಾಕಿದರು. ನಾನು ಮಂಡಿಸಲು 14 ಸ್ಲೈಡ್ ತಯಾರಿಸಿಕೊಂಡು ರಾತ್ರಿ ಹತ್ತೂವರೆಯ ಕಾಲ್‌ಗೆ ಕೂತೆ. ಅಮೆರಿಕದಲ್ಲಿ ಟೇಬಲ್ ಮಾಡುವುದೆಂದರೆ ಬದಿಗಿಡುವುದು. ಆ ವಿಷಯ ಯಾರೂ ಎತ್ತಲೇ ಇಲ್ಲ.

ಆಗೆಲ್ಲ ನನಗೆ ಅನ್ನಿಸುತ್ತಿತ್ತು, ಇಂಗ್ಲಿಷರು ಬೇಕೆಂದೇ ಸಣ್ಣ ಪದಗಳಲ್ಲಿ ಗುಂಡಿ ತೋಡಿಟ್ಟಿದ್ದಾರೆ ಎಂದು. ಹೋದ ವರ್ಷ ಲಖನೌದಿಂದ ಬಂದ ಹುಡುಗನೊಬ್ಬ ನಮ್ಮ ತಂಡ ಸೇರಿದ. ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದಾನೆ. ವಿಶ್ವವಿದ್ಯಾಲಯ, ಪ್ರಧಾನ ಕಾರ್ಯದರ್ಶಿ, ಅಭಿವೃದ್ಧಿ ಪ್ರಾಧಿಕಾರ ಎಂಬ ಬೋರ್ಡುಗಳನ್ನು ಓದಿಕೊಟ್ಟರೆ ಸಾಕು, ಅರ್ಥ ತಾನೇ ಹೇಳುತ್ತಾನೆ. ನಮ್ಮೂರಿನ ಎಷ್ಟೋ ಜನಕ್ಕಿಂತ ಚೆನ್ನಾಗಿ. ಒಂದು ದಿನ ಊಟದ ಹೊತ್ತಿಗೆ ಬಂದು, ಬಿಟ್ಟುಕೊಡು ಎಂದರೇನು, ಕೊಟ್ಟುಬಿಡು ಎಂದರೇನು ಎಂದು ಕೇಳಿದ. ಅವೇ ಎರಡು ಪದ, ಹಿಂದುಮುಂದಾಗಿವೆ, ಅಷ್ಟೇ ತಾನೆ?

ನಾನು ಅನ್ನದ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತೇವೆ. ಸಾಲ ಕೊಟ್ಟುಬಿಡುತ್ತೇವೆ. ಸೀಟು ಕೊಟ್ಟುಬಿಟ್ಟೆ ಎಂದರೆ ಅದರಲ್ಲಿ ಸ್ವಲ್ಪ ಪಶ್ಚಾತ್ತಾಪ ಇದೆಯೇ? ಮಗಳನ್ನು ಒಳ್ಳೆಯ ಮನೆಗೆ ಕೊಟ್ಟುಬಿಟ್ಟೆವು ಎಂದರೆ ನಿರಾಳ. ಯಾರಿಗೂ ಯಾರನ್ನೂ ಬಿಟ್ಟುಕೊಡದವನು ಎಂದರೆ ನಿಯತ್ತಿನ ಮನುಷ್ಯ. ಹೇಳುತ್ತ ಹೋದಂತೆ ಅವನ ಮುಖ, 2009ರಲ್ಲಿ ಆ ಪರದೆಯ ಮುಂದೆ ನನ್ನದು ಹೇಗಿತ್ತೋ ಹಾಗಾಯಿತು.

'ಅದಿರಲಿ,' ಎಂದ ಅವನು, 'ಆಟೋದವರ ಹತ್ತಿರ ಚಿಲ್ಲರೆ ಇಲ್ಲ ಅಂದ್ರೆ ಹೋಗ್ಲಿ ಬಿಡಿ ಅಂತಾರೆ. ಯಾರು ಹೋಗಬೇಕು? ಯಾರು ಯಾರನ್ನ ಬಿಡಬೇಕು? ನಾನು ಆಗಲೇ ಇಳಿದಿರ್ತೀನಲ್ಲ.'

ನಾನು ವ್ಯಾಕರಣದಿಂದ ಶುರು ಮಾಡಿದೆ. ಹೋಗಲಿ ಎಂಬುದು ಅನುಮತಿಯೂ ಹೌದು, ಹಾರೈಕೆಯೂ ಹೌದು. ಬಿಡಿ ಎಂಬಲ್ಲಿ ಬಿಡುವುದೇನೂ ಇಲ್ಲ. ಎಂಟು ಹತ್ತು ನಿಮಿಷ ಒದ್ದಾಡಿದೆ, ತಟ್ಟೆಯಲ್ಲಿ ಸಾರು ಆರಿ ಕೆನೆಗಟ್ಟಿತು, ಅವನು ಫೋನಿನಲ್ಲಿ ಏನನ್ನೋ ಬರೆದುಕೊಂಡು ಅಳಿಸಿದ. ಕೊನೆಗೆ ನನ್ನ ಬಾಯಿಂದ ತಾನಾಗಿಯೇ ಬಂತು:

'ಹೋಗ್ಲಿ ಬಿಡಿ.'